ಚಿತ್ರ ಬರಿಯೋದರಾಗ ದುಡ್ಡು ಎಲ್ಲೈತಿ? ಕಾರಟಗಿ ತಂಗಿ ಕೇಳಿದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಕೊಪ್ಪಳ ಜಿಲ್ಲಾ ಕಾರಟಗಿಯವಳು, 24 ವರ್ಷ. ಡ್ರಾಯಿಂಗ್ ಡಿಪ್ಲೊಮಾ ಮುಗಿಸೀನಿ. ಪೆನ್ಸಿಲ್ ಪೋರ್ಟ್ರೇಟ್ ಒಂದಕ್ಕ 500 ರೂಪಾಯಿ ತಗೊಂಡು ಬರಕೊಡ್ತೀನಿ, ಒಂದಕ್ಕ ಎಂಟು ತಾಸು ಹಿಡಿತೈತಿ. ತಿಂಗಳಿಗೆ ಹತ್ತು ಹನ್ನೊಂದು ಆರ್ಡರ್ ಬರ್ತಾವ, ಆದ್ರ ಕೈಯಾಗ ಏನೂ ಉಳಿಯಂಗಿಲ್ಲ. ಅಪ್ಪ ಮೊದಲು ಅಂಗಡಿ ಬೋರ್ಡ್ ಬರೀತಿದ್ರು, ಫ್ಲೆಕ್ಸ್ ಬಂದ ಮ್ಯಾಲ ಮನೆ ಪೇಂಟಿಂಗ್ ಕೆಲಸಕ್ಕ ಹೋಗ್ತಾರ. ಮನ್ಯಾಗ ಬಿ.ಎಡ್ ಮಾಡು ಅಂತಾರ. ಚಿತ್ರಾನ ನಂಬಿ ಬಿಸಿನೆಸ್ ಮಾಡಬಹುದಾ? ಅದಕ್ಕ ಬೆಂಗಳೂರಿಗೆ ಹೋಗ್ಲೇಬೇಕಾ?

ಉತ್ತರ: ತಂಗೀ, ನೇರ ಉತ್ತರ ಮೊದ್ಲು ಹೇಳ್ಬಿಡ್ತೀನಿ. ಮಾಡಬಹುದು. ಬೆಂಗಳೂರಿಗೆ ಹೋಗೋದು ಬೇಕಾಗಿಲ್ಲ, ಕಾರಟಗಿ ಬಿಟ್ಟು ಹೋದ್ರ ಕಣ್ಣಮುಂದಿನ ದೊಡ್ಡ ಮಾರ್ಕೆಟ್ ಬಿಟ್ಟು ಹೋದಂಗ ಆಗ್ತೈತಿ, ಅದು ಯಾಕ ಅಂತ ಮುಂದ ಹೇಳ್ತೀನಿ. ಆದ್ರ 500 ರೂಪಾಯಿ ಪೋರ್ಟ್ರೇಟ್ ಮ್ಯಾಲ ಮನಿ ನಡಿಯಂಗಿಲ್ಲ. ನೀ ಎಷ್ಟ ಚಂದ ಬರದ್ರೂ ನಡಿಯಂಗಿಲ್ಲ. ನೀ ಕಳಿಸಿದ ಮೂರು ಚಿತ್ರ ನೋಡೀನಿ, ಆ ಮುದುಕಿ ಕಿವ್ಯಾಗಿನ ಬುಗುಡಿ ಬರದೀಯಲ್ಲ, ಅಂಥಾ ಕೈ ಎಲ್ಲಾರಿಗೂ ಬರಂಗಿಲ್ಲ. ಕೈ ಸರಿ ಐತಿ, ಲೆಕ್ಕ ತಪ್ಪೈತಿ.

ಒಂದ್ ಹಾಳಿ ತಗೊ, ಬರಕೋ. ಮನಿಗೆ ನೀ ಕೊಡಬೇಕಾದ್ದು ತಿಂಗಳಿಗೆ 12,000 ಅಂತ ಇಟ್ಕೋ. ಕಾಗದ, ಬಣ್ಣ, ನೆಟ್, ಬಸ್ ಚಾರ್ಜ್ ಎಲ್ಲಾ ಕೂಡಿ 4,000. ಟ್ಯಾಬ್ಲೆಟ್ಟೋ ಫೋನೋ ಕೆಟ್ರ ಹೊಸದು ತಗೊಳ್ಳಾಕ ತಿಂಗಳಾ 2,000 ತಗದಿಡಬೇಕು, ಇದನ್ನ ಯಾರೂ ತಗದಿಡಂಗಿಲ್ಲ, ಕೆಟ್ಟ ದಿನ ಸಾಲ ಮಾಡ್ತಾರ. ಉಳಿತಾಯ 3,000. ಒಟ್ಟು 21,000. ಈಗ ತಿಂಗಳಿಗೆ 25 ದಿನ ಕೆಲಸ ಅಂದ್ರ ದಿನಕ್ಕ ದುಡ್ಡು ಬರೋ ಕೆಲಸ ನಾಲ್ಕು ತಾಸಿನ ಮ್ಯಾಲ ಆಗಂಗಿಲ್ಲ, ಉಳಿದ ಟೈಮು ಫೋನ್ ಮಾತು, ಗಿರಾಕಿ ಭೇಟಿ, ತಿದ್ದೋದು, ಪ್ರಿಂಟಿಂಗ್ ಪ್ರೆಸ್ಸಿಗೆ ಅಡ್ಡಾಡೋದು ಇದಕ್ಕ ಹೋಗ್ತೈತಿ. ಅಲ್ಲಿಗೆ 100 ತಾಸು. 21,000 ಭಾಗಿಸು 100, ತಾಸಿಗೆ 210 ರೂಪಾಯಿ. ಒಂದು ಪೋರ್ಟ್ರೇಟಿಗೆ ಎಂಟು ತಾಸು ಹಿಡಿತೈತಿ ಅಂತ ನೀನ ಬರದೀದಿ, ಅಂದ್ರ ಅದರ ರೇಟು 1,680 ಆಗಬೇಕು, ನೀ ತಗೊಳ್ಳೋದು 500. ಪ್ರತಿ ಪೋರ್ಟ್ರೇಟಿಗೆ ನೀನ ಗಿರಾಕಿಗೆ 1,180 ರೂಪಾಯಿ ಕೊಟ್ಟು ಕಳಿಸಾಕತ್ತೀದಿ, ಕೈಯಾಗ ಉಳಿಬೇಕು ಅಂದ್ರ ಎಲ್ಲಿಂದ ಉಳಿಬೇಕು.

1,700 ಅಂದ್ರ ಯಾರು ಕೊಡ್ತಾರ ಸರ್ ಅಂತೀ. ಅರ್ಧ ಜನ ಕೊಡಂಗಿಲ್ಲ, ಖರೆ. ಹನ್ನೊಂದು ಮಂದಿ ಪೈಕಿ ಐದು ಮಂದಿ ಉಳದ್ರೂ 8,500 ಆತು, ಅದೂ 40 ತಾಸಿನ್ಯಾಗ. ಈಗ ನೀ 88 ತಾಸು ಕುತ್ಗೊಂಡು 5,500 ದುಡಿಯಾಕತ್ತೀದಿ. ಉಳಿದ 48 ತಾಸು ನಿನ್ನ ಕೈಗೆ ವಾಪಸ್ ಬಂತಲ್ಲ, ಖರೆ ಬಿಸಿನೆಸ್ ಆ 48 ತಾಸಿನ್ಯಾಗ ಕಟ್ಟಬೇಕಾಗಿದ್ದು.

ಈಗ ಮುಖ್ಯ ಮಾತಿಗೆ ಬರ್ತೀನಿ. ಪೋರ್ಟ್ರೇಟ್ ಒಂದ ಸಲ ಮಾರಾಟ ಆಗ್ತೈತಿ, ಅವ್ರ ಪಡಸಾಲ್ಯಾಗ ಗ್ವಾಡಿಗೆ ಹೋಗಿ ಕುಂದರ್ತೈತಿ, ಮುಗೀತು. ಅದು ಮತ್ತ ದುಡಿಯಂಗಿಲ್ಲ. ದುಡ್ಡಿರೋದು ಒಂದ ಚಿತ್ರ ಸಾವಿರ ಸಲ, ಲಕ್ಷ ಸಲ ಕೆಲಸ ಮಾಡೋ ಜಾಗದಾಗ. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರನ್ನ ನೆನಸ್ಕೋ, ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರದ್ರು, ಕ್ಯಾಲೆಂಡರಿಗೆ ದೇವರ ಚಿತ್ರ ಬರದ್ರು, ಒಂದು ಮೂಲ ಚಿತ್ರ ಪ್ರೆಸ್ಸಿಗೆ ಹೋಗಿ ಎಷ್ಟೋ ಮನಿ ಗ್ವಾಡಿ ಮ್ಯಾಲ ಕುಂತ್ವು. ರಾಜಾ ರವಿವರ್ಮ ಅವರೂ ಇದನ್ನ ಕಂಡುಕೊಂಡು 1894ರಾಗ ಮುಂಬೈನ್ಯಾಗ ತಮ್ಮದ ಪ್ರೆಸ್ ಹಾಕಿದ್ರು, ಆದ್ರ ಅದು ಸಾಲಕ್ಕ ಸಿಕ್ಕು ಕಡೀಗೆ ಫ್ರಿಟ್ಜ್ ಶ್ಲೈಶರ್ ಅನ್ನೋ ಜರ್ಮನ್ ತಂತ್ರಜ್ಞರಿಗೆ ಮಾರಬೇಕಾತು. ಮನಿ ಮನಿಯಾಗೂ ಅವರ ಲಕ್ಷ್ಮಿ, ಅವರ ಸರಸ್ವತಿ ಇದ್ರೂ ಪ್ರೆಸ್ ಉಳೀಲಿಲ್ಲ. ಅದಕ್ಕ ನಾ ಪ್ರೆಸ್ ಹಾಕು, ಮಷಿನ್ ತಗೋ ಅಂತ ಯಾರಿಗೂ ಹೇಳಂಗಿಲ್ಲ. ಪ್ರಿಂಟ್ ಮಾಡೋ ಜವಾಬ್ದಾರಿ, ಸ್ಟಾಕ್ ಇಡೋ ಜವಾಬ್ದಾರಿ ಬ್ಯಾರೇದವರಿಗೆ ಬಿಡು. ಚಿತ್ರ ನಿನ್ನ ಹತ್ರ ಇರ್ಲಿ, ಅದನ್ನ ಬಳಸೋ ಹಕ್ಕು ಮಾತ್ರ ಬಾಡಿಗಿ ಕೊಡು.

ಬಾಡಿಗಿಗೆ ಯಾರ್ ತಗೋತಾರ? ನಿನ್ನ ಮನಿಯಿಂದ ಹೊರಗ ಬಂದು ಸುತ್ತ ನೋಡು ತಂಗೀ. ಕಾರಟಗಿ, ಗಂಗಾವತಿ, ಸಿಂಧನೂರು, ಸಿರಗುಪ್ಪ, ತುಂಗಭದ್ರಾ ನೀರು ಹರಿಯೋ ಈ ಪಟ್ಟಿ ಪೂರಾ ಅಕ್ಕಿ ಮಿಲ್ಲು. ಪ್ರತಿ ಮಿಲ್ಲಿಗೆ ಒಂದಲ್ಲ, ಎರಡು ಮೂರು ಬ್ರ್ಯಾಂಡ್. ಪ್ರತಿ ಬ್ರ್ಯಾಂಡಿಗೆ ಒಂದು ಚೀಲ, ಪ್ರತಿ ಚೀಲದ ಮ್ಯಾಲ ಒಂದು ಚಿತ್ರ. ಭತ್ತದ ತೆನಿ, ನವಿಲು, ಅನ್ನಪೂರ್ಣೇಶ್ವರಿ, ಬಟ್ಟಲದಾಗ ಹಬೆಯಾಡೋ ಅನ್ನ. ಆ ಚಿತ್ರ ಎಲ್ಲಿಂದ ಬರ್ತಾವ ಗೊತ್ತೇನು? ಬಹಳ ಮಟ್ಟಿಗೆ ಚೀಲ ಪ್ರಿಂಟ್ ಮಾಡೋರು ನೆಟ್‌ನಾಗಿಂದ ಇಳಿಸಿಕೊಂಡು ಹಾಕಿರ್ತಾರ. ಅದಕ್ಕ ಹತ್ತು ಬ್ರ್ಯಾಂಡಿನ ಚೀಲ ಸಾಲಾಗಿ ಇಟ್ರ ಅಂಗಡಿಗೆ ಬಂದ ಹೆಣ್ಮಕ್ಳಿಗೆ ಹೋದ ತಿಂಗಳು ತಗೊಂಡಿದ್ದು ಯಾವುದು ಅಂತ ಗುರುತ ಸಿಗಂಗಿಲ್ಲ. ಮಿಲ್ ಮಾಲಕ್ರಿಗೆ ಈ ತ್ರಾಸು ಗೊತ್ತೈತಿ, ಅದಕ್ಕ ಔಷಧ ನಿನ್ನ ಹತ್ರ ಐತಿ ಅನ್ನೋದು ಗೊತ್ತಿಲ್ಲ.

ನಾ ಈ ಕೆಲಸಕ್ಕ ಬಿದ್ದು ಇಪ್ಪತ್ತು ವರ್ಷದ ಹತ್ರ ಆತು. ಶುರುವಿನ್ಯಾಗ ಒಬ್ಬ ಮಿಲ್ ಸಾವುಕಾರ್ರಿಗೆ ನಾಟಿ ಹಚ್ಚೋ ಹೆಣ್ಮಗಳ ಚಿತ್ರ ಬರಕೊಟ್ಟಿದ್ದೆ. ಸೀರಿ ನೆರಿಗಿ ಎತ್ತಿ ಕಟ್ಟಿದಾಕಿ, ಎಡಗೈಯಾಗ ಸಸಿ ಕಟ್ಟು, ಮೊಣಕಾಲ ತನಕ ಕೆಸರು. ನಮ್ಮ ಚಿಗವ್ವನ್ನ ಗದ್ದ್ಯಾಗ ನಿಲ್ಲಿಸಿ ನೋಡಿ ನೋಡಿ ಬರದಿದ್ದು, ನಾಲ್ಕು ದಿನದ ಕೆಲಸ. 1,500 ಕೊಟ್ರು, ನಾ ಖುಷಿಲಿಂದ ತಗೊಂಡು ಬಂದೆ. ಎರಡು ವರ್ಷ ಬಿಟ್ಟು ರಾಯಚೂರಿನ ಒಂದು ಕಿರಾಣಿ ಅಂಗಡ್ಯಾಗ ಅದ ಹೆಣ್ಮಗಳು ಬ್ಯಾರೆ ಬ್ರ್ಯಾಂಡಿನ ಚೀಲದ ಮ್ಯಾಲ ನಿಂತಿದ್ಲು, ಚಿತ್ರ ಕನ್ನಡಿಯಾಗ ನೋಡಿದಂಗ ತಿರುವಿ ಹಾಕಿದ್ರು, ಸೀರಿ ಹಸಿರು ಇದ್ದದ್ದು ಕೆಂಪು ಆಗಿತ್ತು, ಆದ್ರ ಆ ಕೈ ಹಿಡಿದ ರೀತಿ ನಮ್ಮ ಚಿಗವ್ವಂದ. ಆಮ್ಯಾಲ ಇನ್ನೂ ಎರಡು ಕಡೆ ಕಂಡ್ಲು. ಕೇಳಾಕ ಹೋದ್ರ ದುಡ್ಡು ಕೊಟ್ಟೀವಲ್ಲ ಅಂದ್ರು, ಫೈಲು ಚೀಲದವರ ಕೈಗೆ ಹೋಗಿತ್ತು, ಅಲ್ಲಿಂದ ಎಲ್ಲಾರ ಕೈಗೆ. ನನ್ನ ಹತ್ರ ಒಂದು ಸಾಲಿನ ಕಾಗದ ಇರ್ಲಿಲ್ಲ. ಅವತ್ತು ಬಸ್ಸಿನ್ಯಾಗ ಕುತ್ಗೊಂಡು ಬರೋವಾಗ ಆದ ಸಂಕಟ ಇನ್ನೂ ನೆನಪೈತಿ, ನಿಂಗ ಆಗಬಾರ್ದು ಅಂತನ ಇಷ್ಟು ಉದ್ದ ಬರೆಯಾಕತ್ತೀನಿ.

ಕಾಯ್ದೆ ಏನ್ ಹೇಳ್ತೈತಿ ಅಂತ ಆಮ್ಯಾಲ ಓದಿ ತಿಳಕೊಂಡೆ. 1957ರ ಕಾಪಿರೈಟ್ ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಚಿತ್ರ ಬರೆದವರೇ ಅದರ ಮೊದಲ ಮಾಲಕರು, ಇದು ಸಾಮಾನ್ಯ ನಿಯಮ. ಆದ್ರ ಅದ ಸೆಕ್ಷನ್ನಿನ್ಯಾಗ ಒಂದು ಗಂಟು ಐತಿ, ಯಾರಾದ್ರೂ ದುಡ್ಡು ಕೊಟ್ಟು ಹೇಳಿ ಬರೆಸಿದ ಪೇಂಟಿಂಗೋ ಪೋರ್ಟ್ರೇಟೋ ಆಗಿದ್ರ, ಬ್ಯಾರೆ ಒಪ್ಪಂದ ಇಲ್ಲದಿದ್ರ, ಮೊದಲ ಹಕ್ಕು ಬರೆಸಿದವರದ್ದ ಆಗ್ತೈತಿ. ನೌಕರಿ ಒಳಗ ಇದ್ದು ಬರದ್ರ ಕಂಪನಿದು. ನೀ ನಿನ್ನಷ್ಟಕ್ಕ ನೀನ ಬರದು ಇಟ್ಕೊಂಡ ಚಿತ್ರ ಪೂರ್ತಿ ನಿಂದ, ನೀ ಇರೋ ತನಕ, ನಿನ್ನ ನಂತರ 60 ವರ್ಷ. ಇದರಾಗ ಬಿಸಿನೆಸ್ಸಿನ ದಾರಿ ತಾನಾಗೇ ಕಾಣ್ತೈತಿ ನೋಡು. ಆರ್ಡರ್ ಬರೋ ತನಕ ಕಾಯಬ್ಯಾಡ. ಮೊದ್ಲ ಬರದು ಇಟ್ಕೋ. ಭತ್ತ, ನಾಟಿ, ರಾಶಿ, ಕಣ, ಎತ್ತು, ಬೆಳ್ಳಕ್ಕಿ, ಒಲಿ ಮ್ಯಾಲ ಉಕ್ಕೋ ಅನ್ನ, ಹಿಂಗ ಹತ್ತು ಹದಿನೈದು ಚಿತ್ರದ ಒಂದು ಸಂಗ್ರಹ ಮಾಡ್ಕೊ, ಡೇಟ್ ಹಾಕಿ ಸಹಿ ಮಾಡಿ ಸ್ಕ್ಯಾನ್ ಮಾಡಿಡು. ಮಿಲ್ಲಿನವರ ಮುಂದ ಅದನ್ನ ಹಿಡ್ಕೊಂಡು ಹೋಗು. ಅವರು ಆರಿಸಿದ್ದು ನಿನ್ನ ಸ್ವಂತ ಚಿತ್ರ, ನೀ ಕೊಡೋದು ಬಳಕೆ ಹಕ್ಕು ಅಷ್ಟ.

ಕಾಗದದ ಮ್ಯಾಲ ಹಿಂಗ ಬರಿ, ವಕೀಲರ ಭಾಷೆ ಬೇಕಿಲ್ಲ: ಈ ಚಿತ್ರದ ಕಾಪಿರೈಟ್ ಚಿತ್ರಕಾರರದ್ದು. ಇಂಥಾ ಬ್ರ್ಯಾಂಡಿನ ಅಕ್ಕಿ ಚೀಲದ ಮೇಲೆ, ಮೂರು ವರ್ಷ, ಕರ್ನಾಟಕ ಮತ್ತು ತೆಲಂಗಾಣದಲ್ಲಿ ಬಳಸಲು ಮಾತ್ರ ಅನುಮತಿ. ಬೇರೆ ಬ್ರ್ಯಾಂಡು, ಬೇರೆ ಮಾಲು, ಬೇರೆಯವರಿಗೆ ಫೈಲು ಕೊಡುವುದಕ್ಕೆ ಅನುಮತಿ ಇಲ್ಲ. ಇಬ್ಬರ ಸಹಿ, ತಾರೀಖು. ಅವಧಿ ಬರೀದ ಬಿಟ್ರ ಕಾಯ್ದೆ ತಾನ ಐದು ವರ್ಷ ಅಂತ ಹಿಡಿತೈತಿ, ಜಾಗ ಬರೀದ ಬಿಟ್ರ ಭಾರತ ಪೂರ್ತಿ ಅಂತ ಹಿಡಿತೈತಿ, 19ನೇ ಸೆಕ್ಷನ್ನಿನ್ಯಾಗ ಐತಿ. ಕೆಲವ್ರು ನಮ್ಗ ಪೂರ್ತಿ ಹಕ್ಕು ಬೇಕು, ಟ್ರೇಡ್‌ಮಾರ್ಕ್ ಮಾಡ್ತೀವಿ ಅಂತಾರ. ಬ್ರ್ಯಾಂಡಿನ ಗುರುತಿನ ಚಿಹ್ನೆ ಆದ್ರ ಅವರ ಮಾತು ನ್ಯಾಯ ಐತಿ, ಕೊಡು, ಆದ್ರ ರೇಟು ಮೂರು ನಾಲ್ಕು ಪಟ್ಟು ಹೇಳು, ಯಾಕಂದ್ರ ನೀ ಹೊಲ ಲೀಸಿಗೆ ಕೊಡಾಕತ್ತಿಲ್ಲ, ಮಾರಾಕತ್ತೀದಿ. ನಮ್ಮ ಕಡೆ ಮಂದಿಗೆ ಲೀಸು ಮತ್ತು ಖರೀದಿ ಫರಕು ಚೊಲೋ ಗೊತ್ತೈತಿ, ಹಿಂಗ ಹೇಳಿದ್ರ ಒಂದ ನಿಮಿಷದಾಗ ಅರ್ಥ ಆಗ್ತೈತಿ.

ರೇಟು ಹೇಳೋದು ಹೆಂಗ? ತಾಸಿನ ಲೆಕ್ಕ ನಿನ್ನ ಒಳಗ ಇರ್ಲಿ, ಅದಕ್ಕಿಂತ ಕೆಳಗ ಇಳಿಬಾರ್ದು ಅಂತ. ಅವರ ಮುಂದ ಹೇಳೋದು ಚೀಲದ ಲೆಕ್ಕ. ಒಂದು ಮಿಲ್ಲು ವರ್ಷಕ್ಕ 50,000 ಚೀಲ ಪ್ರಿಂಟ್ ಹಾಕಿಸ್ತೈತಿ ಅಂದ್ಕೋ, ನೀ ವರ್ಷದ ಬಳಕೆಗೆ 10,000 ಕೇಳಿದ್ರ ಚೀಲಕ್ಕ 20 ಪೈಸೆ. ಸಾವುಕಾರ್ರಿಗೆ 10,000 ಅಂದ್ರ ಒಂದು ಚಿತ್ರಕ್ಕ ಇಷ್ಟಾ ಅಂತ ಮುಖ ಸಿಂಡರಿಸ್ತಾರ, ಚೀಲಕ್ಕ 20 ಪೈಸೆ ರೀ ಅಂದ್ರ ಕ್ಯಾಲ್ಕುಲೇಟರ್ ತಗೀತಾರ. ಅವರ ದಿನಾ ಪೈಸಾದಾಗ ವ್ಯಾಪಾರ ಮಾಡೋ ಮಂದಿ, ಆ ಭಾಷಾದಾಗ ಮಾತಾಡು. ಸಣ್ಣ ಮಿಲ್ಲಿದ್ರ ಕಡಿಮಿ ಕೇಳು, ದೊಡ್ಡದಿದ್ರ ಜಾಸ್ತಿ ಕೇಳು, ಇದರಾಗ ಅನ್ಯಾಯ ಏನೂ ಇಲ್ಲ, ಹೆಚ್ಚು ಬಳಸೋರು ಹೆಚ್ಚು ಕೊಡ್ತಾರ.

ಆದ್ರ ಚೀಲಕ್ಕ ಬರಿಯೋದು ಕಾಗದಕ್ಕ ಬರದಂಗ ಅಲ್ಲ, ಇದನ್ನ ಕಲೀದ ಹೋದ್ರ ಮೊದಲ ಗಿರಾಕಿನ ಕೊನೇ ಗಿರಾಕಿ ಆಗ್ತಾನ. ಚೀಲ ಖಾಲಿ ಇದ್ದಾಗ ಹಾಳಿಯಂಗ ಚಪ್ಪಟ ಇರ್ತೈತಿ, ಅಕ್ಕಿ ತುಂಬಿದ ಕೂಡ್ಲೆ ನಡುವ ಉಬ್ತೈತಿ, ಅಂಚು ಹಿಂದಕ್ಕ ಹೋಗ್ತೈತಿ. ಅಂಚಿನ್ಯಾಗ ಬರೆದ ನವಿಲಿನ ಗರಿ ಕಾಣಂಗಿಲ್ಲ, ನಡುವ ಇದ್ದ ಮುಖ ಅಗಲ ಕಾಣ್ತೈತಿ. ಮ್ಯಾಲಿನ ಬಾಯಿ ಹೊಲಿಗಿಗೆ ಹೋಗ್ತೈತಿ, ನಾ ನೋಡಿದ ಒಂದು ಚೀಲದಾಗ ಲಕ್ಷ್ಮಿ ಕಿರೀಟದ ಮ್ಯಾಲ ದಾರ ಹಾದು ಹೋಗಿತ್ತು, ಮಾಲಕ್ರು ಆ ಲಾಟ್ ಪೂರ್ತಿ ಬ್ಯಾಡ ಅಂದ್ರು, ದೇವರ ತಲಿ ಮ್ಯಾಲ ಹೊಲಿಗಿ ಯಾರ್ ಒಪ್ತಾರ. ಹೊಳಿಯೋ ಪ್ಲಾಸ್ಟಿಕ್ ಪದರಿನ ಬಿಒಪಿಪಿ ಚೀಲಕ್ಕ ಸಿಲಿಂಡರ್ ಪ್ರಿಂಟಿಂಗ್, ಒಂದೊಂದು ಬಣ್ಣಕ್ಕ ಒಂದೊಂದು ಸಿಲಿಂಡರ್ ಕೊರಿಸಬೇಕು, ಹಂಗಾಗಿ ನೀ ಒಂದು ಬಣ್ಣ ಹೆಚ್ಚು ಮಾಡಿದ್ರ ಅವರಿಗೆ ಖರ್ಚು ಹೆಚ್ಚಾಗ್ತೈತಿ, ಆರು ಬಣ್ಣದ್ದು ನಾಲ್ಕರಾಗ ಮುಗಿಸಿ ತೋರಿಸಿದ್ರ ನಿನ್ನ ಫೀಸು ಅಲ್ಲೇ ಉಳಿದಂಗ. ಬಣ್ಣ ಒಂದರ ಮ್ಯಾಲ ಒಂದು ಕುಂದ್ರೋವಾಗ ಕೂದಲೆಳಿಯಷ್ಟು ಅತ್ತಿತ್ತ ಸರೀತಾವ, ಅದಕ್ಕ ಸಣ್ಣ ಗೆರಿ ಬ್ಯಾಡ, ದಪ್ಪ ಔಟ್‌ಲೈನ್ ಇರ್ಲಿ, ಸಣ್ಣ ಅಕ್ಷರ ಬಣ್ಣದ ಹಿನ್ನೆಲಿ ಮ್ಯಾಲ ಬಿಳೀದು ಬಿಡಬ್ಯಾಡ, ತುಂಬಿಕೊಂಡು ಹೋಗ್ತೈತಿ.

ಇನ್ನ ಜಾಗ ಬಿಡೋದು. ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ಮಿಲ್ಲಿನ ಹೆಸರು ವಿಳಾಸ, ಗ್ರಾಹಕರ ಫೋನ್ ನಂಬರು, ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ಗುರುತು ಮತ್ತು ಅದರ 14 ಅಂಕಿ ಲೈಸೆನ್ಸ್ ನಂಬರು, ಹಸಿರು ಚುಕ್ಕಿ, ಇವೆಲ್ಲಾ ಬರಬೇಕು. ಇದಕ್ಕ ಜಾಗ ಬಿಟ್ಟು ಡಿಸೈನ್ ತೋರಿಸೋ ಚಿತ್ರಕಾರರು ಬಹಳ ಕಡಿಮಿ, ನೀ ಬಿಟ್ಟು ತೋರಿಸಿದ್ರ ಈ ಹುಡುಗಿಗೆ ಕೆಲಸ ಗೊತ್ತೈತಿ ಅಂತ ಮೊದಲ ದಿನಾನ ನಂಬ್ತಾರ. ಅಳತಿನೂ ಬರಕೋ. 2022ರ ಜುಲೈ 18ಕ್ಕ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 25 ಕೆಜಿ ತನಕ ಶೇಕಡಾ 5 ಜಿಎಸ್‌ಟಿ ಬಂತು, ಕೂಡ್ಲೆ ಮಾರ್ಕೆಟ್ಟಿಗೆ 26 ಕೆಜಿ ಚೀಲ ಬಂದ್ವು. ಅಂಥಾ ಟೈಮಿನ್ಯಾಗ ಹಳೇ ಡಿಸೈನು ಹೊಸ ಅಳತಿಗೆ ಕೂಡಿಸಿಕೊಡು ಅಂತ ಫೋನ್ ಮ್ಯಾಲ ಫೋನ್ ಬರ್ತಾವ, ಕಾಗದದಾಗ ಅಳತಿ ಬದಲಿಗೆ ಇಷ್ಟು ರೇಟು ಅಂತ ಮೊದ್ಲ ಬರಿಸಿಕೊಂಡವರಿಗೆ ದುಡ್ಡು, ಬರಿಸಿಕೊಳ್ಳದವರಿಗೆ ಪುಕ್ಕಟೆ ಕೆಲಸ. ಅದಕ್ಕ ಅದೂ ಒಂದು ಸಾಲು ಸೇರಿಸು.

ಈಗ ನಿಮ್ಮ ಅಪ್ಪಾರ ವಿಷಯ. ನಿನ್ನ ಪತ್ರದಾಗ ಇದನ್ನ ಒಂದು ಸಾಲಿನ್ಯಾಗ ಬರದು ಮುಂದ ಹೋಗೀದಿ, ನಂಗ ಅಲ್ಲೇ ನಿಂತುಬಿಡಂಗ ಆತು. ತಂಗೀ, ಕಂಪ್ಯೂಟರಿನ್ಯಾಗ ಕನ್ನಡ ಫಾಂಟು ಎಷ್ಟ ಬಂದ್ರೂ ಬ್ರ್ಯಾಂಡಿನ ಹೆಸರು ದೊಡ್ಡದಾಗಿ ಬರಿಯಾಕ ಚಂದ ಕಾಣೋವು ಬೆರಳೆಣಿಕಿ, ಅವನ್ನ ಎಲ್ಲಾರು ಬಳಸಿ ಬಳಸಿ ಎಲ್ಲಾ ಚೀಲ, ಎಲ್ಲಾ ಬೋರ್ಡು ಒಂದ ನಮೂನಿ ಕಾಣ್ತಾವ. ಬ್ರಷ್ಷಿನ್ಯಾಗ ತಲೆಕಟ್ಟು ಎಳಿಯೋವಾಗ ಶುರು ದಪ್ಪ, ತುದಿ ಸಣ್ಣ ಆಗ್ತೈತಲ್ಲ, ಒತ್ತಕ್ಷರಾನ ಮ್ಯಾಲಿನ ಅಕ್ಷರದ ಹೊಟ್ಟಿ ಕೆಳಗ ಒತ್ತಿ ಕೂಡಿಸ್ತಾರಲ್ಲ, ಅದು ಬೋರ್ಡ್ ಬರೆದ ಕೈಗೆ ಮಾತ್ರ ಬರೋದು. ನಿಮ್ಮ ಅಪ್ಪಾರ ಕೈಯಾಗ ಅದು ಐತಿ. ಅವರ ಕಡಿಂದ ಕಪ್ಪು ಪೇಂಟಿನ್ಯಾಗ ಬಿಳಿ ಡ್ರಾಯಿಂಗ್ ಶೀಟ್ ಮ್ಯಾಲ ಹೆಸರು ಬರಿಸು, ಒಂದ ಹೆಸರು ಐದು ನಮೂನಿ. ನೀ ಸ್ಕ್ಯಾನ್ ಮಾಡಿ ವೆಕ್ಟರ್ ಮಾಡ್ಕೊ, ಇಂಕ್‌ಸ್ಕೇಪ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗ್ತೈತಿ, ಒಂದು ವಾರ ಕುಂತ್ರ ಅಷ್ಟು ಕಲೀಬಹುದು. ವೆಕ್ಟರ್ ಯಾಕಂದ್ರ ಚೀಲದಷ್ಟ ದೊಡ್ಡದು ಮಾಡಿದ್ರೂ ಅಂಚು ಒಡಿಯಂಗಿಲ್ಲ. ಚಿತ್ರ ನಿಂದು, ಅಕ್ಷರ ಅಪ್ಪಾರದು, ಈ ಜೋಡಿ ನಮ್ಮ ಮೂರು ಜಿಲ್ಲಾದಾಗ ಇನ್ನೊಂದು ಹುಡುಕಿದ್ರೂ ಸಿಗೋದು ಕಷ್ಟ. ಮ್ಯಾಲಾಗಿ 2024ರಾಗ ರಾಜ್ಯ ಸರ್ಕಾರ ಕಾಯ್ದೆ ತಿದ್ದುಪಡಿ ಮಾಡಿ ಅಂಗಡಿ ಮುಂಗಟ್ಟಿನ ಬೋರ್ಡಿನ್ಯಾಗ ಶೇಕಡಾ 60 ಕನ್ನಡ ಇರಬೇಕು ಅಂತ ಮಾಡೈತಿ, ಬಳ್ಳಾರಿಯಂಥಾ ಊರಾಗ ಬೋರ್ಡ್ ಬದಲಿ ಮಾಡೋ ಹೋಟೆಲ್ಲು, ಬಟ್ಟಿ ಅಂಗಡಿ ಇದ್ದೇ ಇರ್ತಾವ, ಫ್ಲೆಕ್ಸ್ ಬ್ಯಾಡ, ಕೈಲೆ ಬರೆದದ್ದು ಬೇಕು ಅನ್ನೋ ಮಂದಿನೂ ಈಗೀಗ ಕಾಣಾಕತ್ಯಾರ. ಅಪ್ಪಾರಿಗೆ ಕೂಲಿ ಕೊಡೋ ಹಂಗ ಅಲ್ಲ, ಪಾಲುದಾರರು ಅಂತ ಲೆಕ್ಕ ಬರಿ, ಅವರ ಹೆಸರು ಕೊಟೇಶನ್ ಮ್ಯಾಲ ಇರ್ಲಿ.

ಅಕ್ಕಿ ಒಂದನ್ನ ನಂಬು ಅಂತ ಹೇಳಾಕತ್ತಿಲ್ಲ, ಆದ್ರ ಶುರು ಅಲ್ಲಿಂದ ಮಾಡು. ಬ್ಯಾರೆ ದಾರಿನೂ ಅದಾವ, ಬೇಗ ಬೇಗ ಹೇಳ್ತೀನಿ. ಆನೆಗೊಂದಿ, ಸಾಣಾಪುರ ಕಡೆ ಹೋಂಸ್ಟೇ, ಕೆಫೆ ಗ್ವಾಡಿ ಚಿತ್ರ ಬರಸ್ತಾರ, ಚದರಡಿ ಲೆಕ್ಕದಾಗ ರೇಟು ಹೇಳು, ಪುಟ್ಟಿ ಪ್ರೈಮರ್ ಅವರ ಖರ್ಚು ಅಂತ ಬರಿಸು, ಪಡುವಲ ಕಡಿ ಬಿಸಿಲು ಬೀಳೋ ಗ್ವಾಡಿ ಇದ್ರ ಬಣ್ಣ ಮಾಸ್ತೈತಿ ಅಂತ ಮೊದ್ಲ ಹೇಳಿಬಿಡು, ನಮ್ಮ ಬ್ಯಾಸಗಿ ನಿಂಗ ಗೊತ್ತ ಐತಿ, ಬೆಳಿಗ್ಗೆ ಹತ್ತರ ಒಳಗ ಕೆಲಸ ಮುಗಿಸಬೇಕು, ಇಲ್ಲಂದ್ರ ಬಣ್ಣ ಬ್ರಷ್ಷಿನ್ಯಾಗ ಒಣಗ್ತೈತಿ. ಟೂರಿಸ್ಟರಿಗೆ ಪೋಸ್ಟ್‌ಕಾರ್ಡ್ ಮಾಡೋದಾದ್ರ ಹಂಪಿ ಕಲ್ಲಿನ ರಥ ಬಿಡು, ಅದು 50 ರೂಪಾಯಿ ನೋಟಿನ ಹಿಂದೇ ಐತಿ, ಎಲ್ಲಾರು ಬರೀತಾರ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದ ಕಲ್ಲಿನ ಮನಿ ಬರಿ, 1112ರಾಗ ಕಟ್ಟಿದ ಇಟಗಿ ಮಹಾದೇವ ಗುಡಿ ಬರಿ, ದರೋಜಿ ಕರಡಿ, ಸಾಣಾಪುರದ ಹರಿಗೋಲು, ಅಶೋಕನ ಹೆಸರು ಸಿಕ್ಕ ಮಸ್ಕಿ ಬಂಡೆಗಲ್ಲು ಬರಿ. ಕಾರ್ಡು ಮೊದ್ಲ ನೂರ ಪ್ರಿಂಟ್ ಹಾಕಿಸು, ಸಾವಿರ ಹಾಕಿಸಬ್ಯಾಡ. ಸ್ಕ್ಯಾನ್ 300 ಡಿಪಿಐ, ಅಂದ್ರ ಇಂಚಿಗೆ 300 ಚುಕ್ಕಿ ಇರ್ಲಿ, ಎ4 ಅಳತಿಗೆ ಅಂದ್ರ 2480 ಇಂಟು 3508 ಪಿಕ್ಸೆಲ್, ಅದಕ್ಕಿಂತ ಕಡಿಮಿ ಸ್ಕ್ಯಾನ್ ಮಾಡಿದ ಮೂಲ ಚಿತ್ರ ಮಾರಿಬಿಟ್ರ ಆಮ್ಯಾಲ ಪ್ರಿಂಟಿಗೆ ಏನೂ ಉಳಿಯಂಗಿಲ್ಲ. ಬೀಜದ ಕಂಪನಿ, ಗೊಬ್ಬರ ಅಂಗಡಿಗಳಿಗೆ ಹುಳ, ರೋಗದ ಎಲಿ ಚಿತ್ರ ಬೇಕಾಗ್ತಾವ, ಫೋಟೋಕ್ಕಿಂತ ಚಿತ್ರದಾಗ ರೈತರಿಗೆ ಹುಳದ ಕಾಲು, ಮಚ್ಚಿ ಸ್ಪಷ್ಟ ಕಾಣ್ತೈತಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕ ಒಮ್ಮೆ ಹೋಗಿ ಅವರ ಕರಪತ್ರ ನೋಡಿಕೊಂಡು ಬಾ. ಬಳ್ಳಾರಿ ಜೀನ್ಸ್ ಘಟಕದವರಿಗೆ ಲೇಬಲ್ ಚಿತ್ರ, ಇದು ಸಣ್ಣ ಕೆಲಸ, ಆದ್ರ ಮತ್ತ ಮತ್ತ ಬರೋ ಕೆಲಸ.

ಕಟ್ಟಿಗಿ ಗೊಂಬಿಗೆ ಹೆಸರಾದ ಕಿನ್ನಾಳದ ಬಗ್ಗೆ ಒಂದು ಮಾತು, ಯಾಕಂದ್ರ ಕೊಪ್ಪಳದ ಹುಡುಗ್ರು ಎಲ್ಲಾರು ಮೊದ್ಲ ಅಲ್ಲಿಗೇ ಕೈ ಹಾಕ್ತಾರ. ಅಲ್ಲಿನ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಆ ಗೊಂಬಿ ಕೆಲಸ ಮಾಡಿಕೊಂಡು ಬಂದಾವ, ಆ ಹೆಸರಿಗೆ ಜಿಐ, ಅಂದ್ರ ಊರಿನ ಗುರುತಿನ ಕಾಯ್ದೆ ರಕ್ಷಣೆ ಐತಿ. ಅವರ ಗರುಡನ್ನ ಟ್ರೇಸ್ ಮಾಡಿ ಟಿಶರ್ಟ್ ಮ್ಯಾಲ ಹಾಕಿ ಕಿನ್ನಾಳ ಕಲೆ ಅಂತ ಮಾರಬ್ಯಾಡ. ಆ ಮಂದಿ ಕಡಿಂದ ಕಲೀಬೇಕು ಅಂದ್ರ ಹೋಗಿ ಕೂತು ಕಲಿ, ಅವರ ಜೋಡಿ ಸೇರಿ ಏನರ ಮಾಡೋದಾದ್ರ ಅವರ ಪಾಲು ಅವರಿಗೆ ಕೊಟ್ಟು ಮಾಡು. ನನ್ನ ನಾಟಿ ಹೆಣ್ಮಗಳನ್ನ ಕದ್ದಾಗ ನಂಗ ಆದದ್ದು ಅವರಿಗೂ ಆಗ್ತೈತಿ.

ಎಐನ್ಯಾಗ ಚಿತ್ರ ಮಾಡಿ ತೋರಸ್ತಾರಲ್ಲ ಸರ್ ಅಂತ ನೀ ಕೇಳಿಲ್ಲ, ಆದ್ರ ಮಿಲ್ಲಿನ್ಯಾಗ ಕೇಳೇ ಕೇಳ್ತಾರ, ಸಾವುಕಾರ್ರ ಮಗ ಫೋನ್ ಹಿಡಿದು ನೋಡ್ರಿ ಪುಕ್ಕಟೆ ಬಂತು ಅಂತ ತೋರಸ್ತಾನ. ಜಗಳ ಮಾಡಬ್ಯಾಡ, ಆ ಚಿತ್ರಾನ ಕೈಯಾಗ ತಗೊಂಡು ದೊಡ್ಡದು ಮಾಡಿ ನೋಡು. ನಾ ಹಂಗ ನೋಡಿದ ಒಂದರಾಗ ಭತ್ತದ ತೆನಿ ಅಂತ ಗೋಧಿ ತೆನಿ ಇತ್ತು, ನಿಂತ ತೆನಿ, ಮೀಸಿ ಬ್ಯಾರೆ. ತುಂಬಿದ ಭತ್ತದ ತೆನಿ ಬಾಗಿರ್ತೈತಿ, ಇದು ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತು, ಅದನ್ನ ಬೆರಳಿಟ್ಟು ತೋರಿಸಿದೆ, ಸಾವುಕಾರ್ರು ಸುಮ್ಮನ ಚಿತ್ರ ಪಕ್ಕಕ್ಕ ಇಟ್ರು. ನೀ ಗದ್ದಿ ನೋಡಿ ಬೆಳದಾಕಿ, ಆ ಕಣ್ಣಿಗೆ ಬೆಲಿ ಐತಿ.

ದುಡ್ಡು ವಸೂಲಿಗೆ ಬರ್ತೀನಿ, ಬಹಳ ಮಂದಿ ಇಲ್ಲೇ ಸೋಲ್ತಾರ. ಅಡ್ವಾನ್ಸ್ ಅರ್ಧ ಬರೋ ತನಕ ಪೆನ್ಸಿಲ್ ಮುಟ್ಟಬ್ಯಾಡ. ತಿದ್ದೋದು ಎರಡು ಸಲ ಫೀಸಿನ ಒಳಗ, ಮೂರನೇದಕ್ಕ ಬ್ಯಾರೆ ರೇಟು. ಮೊದ್ಲ ತೋರಸೋದು ಸಣ್ಣ ಸೈಜಿನ, ಮ್ಯಾಲ ನಿನ್ನ ಹೆಸರು ಅಡ್ಡ ಬರೆದ ಸ್ಯಾಂಪಲ್, ಪೂರ್ತಿ ಫೈಲು ಪೂರ್ತಿ ದುಡ್ಡು ಬಂದ ಮ್ಯಾಲ. ಸುಗ್ಗಿ ಮುಗದ ಮ್ಯಾಲ ಕೊಡ್ತೀನಿ ಅಂತ ಉದ್ರಿ ಹೇಳೋದು ನಮ್ಮ ಕಡೆ ರೂಢಿ, ಗೊಬ್ಬರದಂಗಡಿಗೆ ಅದು ನಡಿತೈತಿ, ನಿಂಗ ನಡಿಯಂಗಿಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಮೊದಲನೇ ಕೆಲಸಕ್ಕಿಂತ ಮುಂಚೆ ಮಾಡಿಸು, ಸರ್ಕಾರದ ಪೋರ್ಟಲ್ಲಿನ್ಯಾಗ ಆಧಾರ್, ಪ್ಯಾನ್ ಇದ್ರ ಸಾಕು, ಪೂರ್ತಿ ಫ್ರೀ, ಯಾರಾದ್ರೂ 500, 1,000 ಕೇಳಿದ್ರ ಕೊಡಬ್ಯಾಡ. ಅದರ ಉಪಯೋಗ ಏನಂದ್ರ 2006ರ ಎಂಎಸ್‌ಎಂಇ, ಅಂದ್ರ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ ಬರವಣಿಗಿ ಒಪ್ಪಂದ ಇದ್ರೂ 45 ದಿನದ ಒಳಗ ನಿನ್ನ ಬಿಲ್ಲು ಕೊಡಬೇಕು, ಒಪ್ಪಂದ ಇಲ್ಲಂದ್ರ 15 ದಿನ, ತಡ ಮಾಡಿದ್ರ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಒಂದು ಸಾಲು ಬಿಲ್ಲಿನ ಕೆಳಗ ಬರದು ಕಳಿಸು, ಬಹಳ ಸಲ ಅಷ್ಟಕ್ಕ ದುಡ್ಡು ಬಂದುಬಿಡ್ತೈತಿ. ಜಿಎಸ್‌ಟಿ ಚಿಂತಿ ಈಗ ಬ್ಯಾಡ, ಚಿತ್ರ ಬರಕೊಡೋದು ಸೇವೆ ಲೆಕ್ಕಕ್ಕ ಬರ್ತೈತಿ, ವರ್ಷದ ವ್ಯವಹಾರ 20 ಲಕ್ಷ ದಾಟೋ ತನಕ ನೋಂದಣಿ ಬೇಕಿಲ್ಲ, ಆದ್ರ ಪೋಸ್ಟ್‌ಕಾರ್ಡಿನಂಥಾ ಮಾಲು ಬ್ಯಾರೆ ರಾಜ್ಯಕ್ಕ ಮಾರೋ ದಿನ ಬಂದ್ರ ಅವತ್ತು ಒಬ್ಬ ಅಕೌಂಟೆಂಟ್ ಹತ್ರ ಹೋಗು. ಬಹಳ ಮುಖ್ಯ ಅನಿಸೋ ಚಿತ್ರ ಇದ್ರ ಕಾಪಿರೈಟ್ ನೋಂದಣಿನೂ ಮಾಡಿಸಬಹುದು, ಕಲಾಕೃತಿಗೆ ಫೀಸು 500, ಮಾಲಿನ ಮ್ಯಾಲ ಬಳಸೋ ಚಿತ್ರ ಆದ್ರ 2,000. ನೋಂದಣಿ ಇಲ್ಲದಿದ್ರೂ ಹಕ್ಕು ಇರ್ತೈತಿ, ನೋಂದಣಿ ಇದ್ರ ತೋರಸಾಕ ಸಾಕ್ಷಿ ಆಗ್ತೈತಿ ಅಷ್ಟ.

ಬಿ.ಎಡ್ ಬಗ್ಗೆ ಮನಿಯವರ ಜೋಡಿ ಜಗಳ ಬ್ಯಾಡ. ಅವರ ಅಂಜಿಕಿ ಸುಳ್ಳಲ್ಲ, ಫ್ಲೆಕ್ಸ್ ಬಂದು ಅಪ್ಪಾರ ಕೆಲಸ ಒಂದ ವರ್ಷದಾಗ ಹೋದದ್ದು ಅವರು ಕಣ್ಣಾರೆ ನೋಡ್ಯಾರ. ಒಂದು ವರ್ಷ ಟೈಮ್ ಕೇಳು, ತಿಂಗಳಾ ಒಂದನೇ ತಾರೀಖು ನೋಟ್‌ಬುಕ್ ಅವರ ಮುಂದ ಇಡು, ಎಷ್ಟು ಬಂತು, ಎಷ್ಟು ಖರ್ಚು, ಎಷ್ಟು ಬಾಕಿ. ಆರು ತಿಂಗಳಾದ್ರೂ 21,000ದ ಅರ್ಧಕ್ಕೂ ಮುಟ್ಟಲಿಲ್ಲಂದ್ರ ಬಿ.ಎಡ್ ಫಾರ್ಮ್ ತುಂಬು, ಚಿತ್ರದ ಕೆಲಸ ಸಂಜಿಗೆ ಇಟ್ಕೋ, ಬಾಡಿಗಿ ಕೊಟ್ಟ ಚಿತ್ರ ನೀ ಕಾಲೇಜಿನ್ಯಾಗ ಇದ್ದಾಗೂ ದುಡೀತಾವ.

ಈಗ ನಾಳೆ ಮಾಡೋ ಕೆಲಸ. ಕಿರಾಣಿ ಅಂಗಡ್ಯಾಗ ಒಂದು ಖಾಲಿ 26 ಕೆಜಿ ಚೀಲ ಕೇಳಿ ತಗೋ. ಮನಿಗೆ ತಂದು ಹೊಟ್ಟು ತುಂಬಿ ಬಾಯಿ ಹೊಲಿ, ನಿಲ್ಲಿಸು. ನಿನ್ನ ಭತ್ತದ ಚಿತ್ರ ಒಂದು, ಅಪ್ಪಾರ ಅಕ್ಷರ ಒಂದು, ದೊಡ್ಡದು ಪ್ರಿಂಟ್ ತಗದು ಆ ಉಬ್ಬಿದ ಚೀಲಕ್ಕ ಅಂಟಿಸಿ ಹತ್ತು ಹೆಜ್ಜಿ ದೂರ ನಿಂತು ನೋಡು, ಅಂಗಡ್ಯಾಗ ಗಿರಾಕಿ ನಿಲ್ಲೋದು ಅಷ್ಟ ದೂರ. ಅಲ್ಲಿಂದ ಹೆಸರು ಓದಾಕ ಬರ್ತೈತೋ ಇಲ್ಲೋ, ತೆನಿ ಬಾಗಿದ್ದು ಕಾಣ್ತೈತೋ ಇಲ್ಲೋ ನೋಡ್ಕೊ, ತಿದ್ದು, ಮತ್ತ ಅಂಟಿಸು. ಸರಿ ಅನಿಸಿದ ದಿನ ಅಪ್ಪಾರನ್ನ ಕರಕೊಂಡು ಆ ಚೀಲಾನ ಗಾಡಿ ಮ್ಯಾಲ ಇಟ್ಕೊಂಡು ಮಿಲ್ಲಿಗೆ ಹೋಗ್ರಿ, ಫೋನಿನ್ಯಾಗ ಫೋಟೋ ತೋರಿಸಬ್ಯಾಡ್ರಿ, ಚೀಲಾನ ಅವರ ಟೇಬಲ್ ಮುಂದ ನಿಲ್ಲಿಸ್ರಿ.